ಸರಾಸರಿಗಳ ಹೋಲಿಕೆ: ಪ್ರಸರಣ ವಿಶ್ಲೇಷಣೆ

ನಿತ್ಯವ್ಯವಹಾರದಲ್ಲಿ ಸರಾಸರಿಯಷ್ಟು ಬಳಕೆಯಾಗುವ ಗಣಿತಪದ ಬೇರೊಂದಿರಲಾರದು. ಮಳೆಯ ಸರಾಸರಿ, ಬೆಳೆಯ ಸರಾಸರಿ, ಪರೀಕ್ಷೆಯ ಅಂಕಗಳ ಸರಾಸರಿ, ಕ್ರಿಕೆಟ್ ಆಟಗಾರನ ಓಟಗಳ ಸರಾಸರಿ, ಅಂಗಡಿಯ ಮಾರಾಟದ ಸರಾಸರಿ—ಹೀಗೆ ಎಲ್ಲೆಲ್ಲಿಯೂ ಅದರ ಹೆಸರೇ ಕೇಳಿಬರುತ್ತದೆ. ಹತ್ತಾರು ಸಂಖ್ಯೆಗಳ ಗೊಂದಲವನ್ನು ಒಂದೇ ಸಂಖ್ಯೆಯಲ್ಲಿ ಅಡಗಿಸಿ ಹೇಳಬಹುದಾದ ಸೌಕರ್ಯವೇ ಇದಕ್ಕೆ ಕಾರಣ. ಆದರೆ ಹಾಗೆ ಅಡಗಿಸುವಾಗ ಏನನ್ನು ಮರೆಮಾಡಿದೆವೆಂಬುದನ್ನು ನಾವು ಬಹುಮಟ್ಟಿಗೆ ಮರೆತುಬಿಡುತ್ತೇವೆ. ಎರಡು ಸರಾಸರಿಗಳು ಬೇರೆಬೇರೆಯಾಗಿ ಕಂಡೊಡನೆ, ಅವುಗಳ ಹಿಂದಿರುವ ವಸ್ತುಸ್ಥಿತಿಯೂ ಬೇರೆಬೇರೆಯೇ ಇರಬೇಕೆಂದು ತೀರ್ಮಾನಿಸುತ್ತೇವೆ. ಈ ತೀರ್ಮಾನ ಎಲ್ಲ ವೇಳೆಯಲ್ಲಿಯೂ ಸರಿಯಾಗಿರುವುದಿಲ್ಲ. ಯಾವಾಗ ಸರಿ, ಯಾವಾಗ ಸರಿಯಲ್ಲ ಎಂಬುದನ್ನು ತೂಗಿ ನೋಡಲು ಸಂಖ್ಯಾಶಾಸ್ತ್ರಜ್ಞರು ಕಂಡುಹಿಡಿದಿರುವ ಒಂದು ತಕ್ಕಡಿಯನ್ನು ಈ ಲೇಖನದಲ್ಲಿ ಪರಿಚಯ ಮಾಡಿಕೊಳ್ಳೋಣ.

ಒಂದು ವ್ಯಾಪಾರದ ಲೆಕ್ಕ

ವಿಷಯ ಸ್ಪಷ್ಟವಾಗುವ ಸಲುವಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಊದುಬತ್ತಿ ತಯಾರಿಸುವ ವರ್ತಕರೊಬ್ಬರು ತಮ್ಮ ಸರಕನ್ನು ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಮೂರು ಪ್ರದೇಶಗಳಲ್ಲಿ ಮಾರುತ್ತಾರೆ. ಪ್ರತಿಯೊಂದು ಪ್ರದೇಶಕ್ಕೂ ಒಬ್ಬೊಬ್ಬ ಮಾರಾಟದ ಏಜೆಂಟರಿದ್ದಾರೆ. ಪ್ರತಿ ಪ್ರದೇಶದಿಂದಲೂ ಚೀಟಿ ಎತ್ತಿ ಐದೈದು ಅಂಗಡಿಗಳನ್ನು ಆರಿಸಿ, ಒಂದು ತಿಂಗಳಲ್ಲಿ ಎಷ್ಟೆಷ್ಟು ಪೆಟ್ಟಿಗೆ ಮಾರಾಟವಾಯಿತೆಂದು ಲೆಕ್ಕ ತರಿಸಿದ್ದಾರೆ. ಸರಾಸರಿಗಳು ಹೀಗಿವೆ: ಕರಾವಳಿಯಲ್ಲಿ 48, ಮಲೆನಾಡಿನಲ್ಲಿ 52, ಬಯಲುಸೀಮೆಯಲ್ಲಿ 56.

ಈ ಮೂರು ಸಂಖ್ಯೆಗಳನ್ನು ಮಾತ್ರ ನೋಡಿದ ವರ್ತಕರಿಗೆ ಏನೆನ್ನಿಸೀತು? ಬಯಲುಸೀಮೆಯ ಏಜೆಂಟರು ಸಮರ್ಥರು, ಅವರಿಗೆ ಬಹುಮಾನ ಕೊಡಬೇಕು. ಕರಾವಳಿಯ ಏಜೆಂಟರು ಸೋಮಾರಿಗಳು, ಅವರನ್ನು ಕೆಲಸದಿಂದ ಬಿಡಿಸಬೇಕು—ಎನ್ನಿಸುವುದು ಸಹಜ. ಇಲ್ಲಿರುವುದು ಕೇವಲ ಅಂಕಿಗಳ ವಿನೋದವಲ್ಲ, ಒಂದು ಸಂಸಾರದ ಅನ್ನದ ಪ್ರಶ್ನೆ ಎಂಬುದನ್ನು ವಾಚಕರು ಗಮನಿಸಬೇಕು. ಮುಂದಿನ ತಿಂಗಳು ಬೇರೆ ಐದು ಅಂಗಡಿಗಳ ಚೀಟಿ ಎದ್ದಿದ್ದರೆ ಕರಾವಳಿಯೇ ಮೇಲಾಗುತ್ತಿತ್ತೋ ಏನೋ! ಹಾಗಾಗುವ ಸಂಭವ ಎಷ್ಟೆಂಬುದನ್ನು ತಿಳಿಯದೆ ಯಾರನ್ನಾದರೂ ಹೊಗಳುವುದೂ ಅನ್ಯಾಯ, ತೆಗಳುವುದೂ ಅನ್ಯಾಯ.

ಸಂಭವವನ್ನು ತಿಳಿಯಲು ಸರಾಸರಿಗಳ ಹಿಂದಕ್ಕೆ ಹೋಗಿ ಬಿಡಿ ಅಂಗಡಿಗಳನ್ನು ನೋಡಬೇಕು. ಒಂದೇ ಸರಾಸರಿಗಳನ್ನು ಕೊಡುವ ಎರಡು ಪಟ್ಟಿಗಳನ್ನು ನೋಡೋಣ.

ಮೊದಲನೆಯ ಪಟ್ಟಿ:
ಕರಾವಳಿ: 46, 47, 47, 49, 51
ಮಲೆನಾಡು: 49, 51, 53, 53, 54
ಬಯಲುಸೀಮೆ: 54, 54, 56, 58, 58

ಎರಡನೆಯ ಪಟ್ಟಿ:
ಕರಾವಳಿ: 40, 44, 48, 52, 56
ಮಲೆನಾಡು: 42, 50, 54, 56, 58
ಬಯಲುಸೀಮೆ: 50, 52, 54, 58, 66

ಎರಡು ಪಟ್ಟಿಗಳಲ್ಲಿಯೂ ಸರಾಸರಿಗಳು 48, 52, 56 ಆಗಿಯೇ ಇವೆ. ಓದುಗರು ಕೂಡಿ ಭಾಗಿಸಿ ನೋಡಬಹುದು. ಆದರೂ ಎರಡರ ಧ್ವನಿ ಎಷ್ಟು ಬೇರೆ! ಮೊದಲನೆಯದರಲ್ಲಿ ಕರಾವಳಿಯ ಅತಿ ಹೆಚ್ಚಿನ ಮಾರಾಟವೂ ಬಯಲುಸೀಮೆಯ ಅತಿ ಕಡಮೆಯ ಮಾರಾಟವನ್ನು ಮುಟ್ಟುವುದಿಲ್ಲ. ಎರಡನೆಯದರಲ್ಲಿ ಕರಾವಳಿಯ ಒಂದು ಅಂಗಡಿ 56 ಪೆಟ್ಟಿಗೆ ಮಾರಿದೆ. ಬಯಲುಸೀಮೆಯ ಒಂದು ಅಂಗಡಿ 50ನ್ನು ದಾಟಿಲ್ಲ. ಮೂರು ಪ್ರದೇಶಗಳೂ ಒಂದರ ಮೇಲೊಂದು ಹಾಸುಹೊಕ್ಕಾಗಿ ಬಿದ್ದಿವೆ. ಒಂದೇ ಪ್ರದೇಶದ ಅಂಗಡಿ ಅಂಗಡಿಗಳ ನಡುವೆಯೇ 16 ಪೆಟ್ಟಿಗೆಗಳ ಅಂತರ ಇರುವಾಗ, ಸರಾಸರಿಗಳ ನಡುವಣ 8 ಪೆಟ್ಟಿಗೆಗಳ ಅಂತರಕ್ಕೆ ಎಷ್ಟು ಬೆಲೆ ಕೊಡಬೇಕು?

ಪ್ರಶ್ನೆಯ ತಿರುಳು ಇಷ್ಟೇ: ಪ್ರದೇಶಗಳ ನಡುವಣ ಅಂತರವನ್ನು, ಪ್ರದೇಶದೊಳಗಣ ಅಂತರವೆಂಬ ಅಳತೆಗೋಲಿನಿಂದ ಅಳೆಯಬೇಕು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಕಾಲವನ್ನು ಅಳೆಯುವ ವಿದ್ಯಾರ್ಥಿಗಳಿಗೆ ಈ ಮಾತು ಹೊಸದೇನೂ ಅಲ್ಲ. ಒಂದೇ ಲೋಲಕವನ್ನು ಹತ್ತು ಸಲ ಅಳೆದರೆ ಹತ್ತು ಬೆಲೆಗಳು ಬರುತ್ತವೆ. ಎರಡು ಲೋಲಕಗಳ ಕಾಲದಲ್ಲಿ ಕಂಡುಬಂದ ವ್ಯತ್ಯಾಸ ಈ ಸಹಜವಾದ ಚೆದರಿಕೆಗಿಂತ ಎಷ್ಟೋ ದೊಡ್ಡದಾಗಿದ್ದಾಗಲೇ ಅದನ್ನು ನಿಜವಾದ ವ್ಯತ್ಯಾಸವೆಂದು ಒಪ್ಪುತ್ತೇವೆ.

ಇಬ್ಭಾಗವಾಗುವ ಮೊತ್ತ

ಚೆದರಿಕೆಯನ್ನು ಅಳೆಯುವುದು ಹೇಗೆ? ಪ್ರತಿಯೊಂದು ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂಬುದನ್ನು ಅದರ ‘ವಿಚಲನೆ’ ಎನ್ನೋಣ. ವಿಚಲನೆಗಳನ್ನು ಹಾಗೆಯೇ ಕೂಡಿದರೆ ಧನವೂ ಋಣವೂ ಒಂದನ್ನೊಂದು ಅಳಿಸಿಕೊಂಡು ಸೊನ್ನೆ ಬರುತ್ತದೆ. ಆದುದರಿಂದ ಪ್ರತಿಯೊಂದನ್ನೂ ವರ್ಗಮಾಡಿ ಕೂಡುವುದು ಪದ್ಧತಿ. ಈ ವರ್ಗಗಳ ಮೊತ್ತವನ್ನು ತಕ್ಕ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಬೆಲೆಗೆ ಆಂಗ್ಲಭಾಷೆಯಲ್ಲಿ ‘ವೇರಿಯನ್ಸ್’ ಎಂದು ಹೆಸರು. ನಾವು ಅದನ್ನು ‘ಪ್ರಸರಣ’ ಎಂದು ಕರೆಯೋಣ.

ಎಲ್ಲ 15 ಅಂಗಡಿಗಳ ಒಟ್ಟು ಸರಾಸರಿ 52. ಮೊದಲನೆಯ ಪಟ್ಟಿಯಲ್ಲಿ ಒಂದೊಂದು ಅಂಗಡಿಯೂ 52ರಿಂದ ಎಷ್ಟು ದೂರವಿದೆಯೆಂದು ನೋಡಿ ವರ್ಗಗಳನ್ನು ಕೂಡಿದರೆ 208 ಬರುತ್ತದೆ. ಇದು ಒಟ್ಟು ಚೆದರಿಕೆ. ಈಗ ಇದನ್ನು ಎರಡು ಪಾಲು ಮಾಡೋಣ. ಪ್ರತಿ ಅಂಗಡಿಯೂ ತನ್ನ ಪ್ರದೇಶದ ಸರಾಸರಿಯಿಂದ ಎಷ್ಟು ದೂರವಿದೆಯೆಂದು ನೋಡಿದರೆ, ಮೂರು ಪ್ರದೇಶಗಳಿಂದಲೂ 16, 16, 16—ಒಟ್ಟು 48—ಬರುತ್ತದೆ. ಇದು ಪ್ರದೇಶಗಳ ಒಳಗಣ ಪಾಲು. ಇನ್ನು ಪ್ರದೇಶಗಳ ಸರಾಸರಿಗಳು ಒಟ್ಟು ಸರಾಸರಿಯಿಂದ −4, 0, 4ರಷ್ಟು ದೂರವಿವೆ; ಅವುಗಳ ವರ್ಗಗಳು 16, 0, 16. ಪ್ರತಿ ಪ್ರದೇಶದಲ್ಲಿಯೂ ಐದು ಅಂಗಡಿಗಳಿರುವುದರಿಂದ ಇವುಗಳ ಮೊತ್ತವಾದ 32ನ್ನು 5ರಿಂದ ಗುಣಿಸಬೇಕು, 160 ಬರುತ್ತದೆ. ಇದು ಪ್ರದೇಶಗಳ ನಡುವಣ ಪಾಲು. 48ನ್ನೂ 160ನ್ನೂ ಕೂಡಿದರೆ ಸರಿಯಾಗಿ 208!

ಇದು ಆಕಸ್ಮಿಕವಲ್ಲ, ಯಾವ ಸಂಖ್ಯೆಗಳನ್ನು ತೆಗೆದುಕೊಂಡರೂ ಹೀಗೆಯೇ ಆಗುತ್ತದೆ. ಭೌತಶಾಸ್ತ್ರವನ್ನು ಓದಿದವರಿಗೆ ಇದರ ನೆಂಟನೊಬ್ಬನ ಪರಿಚಯವುಂಟು. ಗೂಡು ಬಿಟ್ಟು ಹಾರಿಹೋಗುತ್ತಿರುವ ಜೇನುಹುಳುಗಳ ಹಿಂಡನ್ನು ನೆನೆಯಿರಿ. ಒಟ್ಟು ಹಿಂಡು ಒಂದು ದಿಕ್ಕಿಗೆ ಸಾಗುತ್ತಿರುತ್ತದೆ. ಹಿಂಡಿನೊಳಗೆ ಒಂದೊಂದು ಹುಳುವೂ ಅತ್ತಿತ್ತ ಸುಳಿದಾಡುತ್ತಿರುತ್ತದೆ. ಹುಳುಗಳ ಒಟ್ಟು ಚಲನಶಕ್ತಿಯು, ಹಿಂಡಿನ ದ್ರವ್ಯಕೇಂದ್ರದ ಚಲನೆಯಿಂದ ಬಂದ ಒಂದು ಪಾಲು, ಆ ಕೇಂದ್ರಕ್ಕೆ ಸಾಪೇಕ್ಷವಾದ ಸುಳಿದಾಟದಿಂದ ಬಂದ ಇನ್ನೊಂದು ಪಾಲು—ಹೀಗೆ ಎರಡಾಗಿ ಒಡೆಯುತ್ತದೆ. ವೇಗದ ವರ್ಗವು ಶಕ್ತಿಯ ಲೆಕ್ಕದಲ್ಲಿ ಬರುವುದರಿಂದಲೇ ಈ ಒಡೆತ ಇಷ್ಟು ಚೊಕ್ಕಟವಾಗಿದೆ. ವಿಚಲನೆಗಳನ್ನು ವರ್ಗಮಾಡುವುದರ ಲಾಭವೂ ಇದೇ. ಪ್ರಸರಣವನ್ನು ಹೀಗೆ ಅದರ ಮೂಲಗಳಿಗೆ ಪಾಲು ಹಂಚುವುದರಿಂದ ಈ ವಿಧಾನಕ್ಕೆ ‘ಪ್ರಸರಣ ವಿಶ್ಲೇಷಣೆ’ ಎಂಬ ಹೆಸರು ಬಂದಿದೆ.

ಸ್ವಾತಂತ್ರ್ಯದ ಎಣಿಕೆ

160ನ್ನೂ 48ನ್ನೂ ಹಾಗೆಯೇ ಹೋಲಿಸುವಂತಿಲ್ಲ. ಒಂದು ಮೂರು ಸರಾಸರಿಗಳಿಂದ ಬಂದಿದೆ, ಇನ್ನೊಂದು ಹದಿನೈದು ಅಂಗಡಿಗಳಿಂದ. ಎರಡನ್ನೂ ಸಮಾನಭೂಮಿಕೆಗೆ ತರಲು ಅವುಗಳ ‘ಸ್ವಾತಂತ್ರ್ಯ ಸಂಖ್ಯೆ’ಗಳಿಂದ ಭಾಗಿಸಬೇಕು. ಐದು ವಿಚಲನೆಗಳ ಮೊತ್ತ ಸೊನ್ನೆಯಾಗಲೇಬೇಕೆಂಬ ಕಟ್ಟಳೆ ಇದ್ದರೆ, ನಾಲ್ಕನ್ನು ಮನಸ್ಸಿಗೆ ಬಂದಂತೆ ಇಡಬಹುದು. ಐದನೆಯದು ತಾನಾಗಿಯೇ ನಿರ್ಧಾರವಾಗುತ್ತದೆ. ಹೀಗೆ ಪ್ರತಿ ಪ್ರದೇಶಕ್ಕೆ 4ರಂತೆ ಮೂರು ಪ್ರದೇಶಗಳಿಗೆ 12 ಸ್ವಾತಂತ್ರ್ಯಗಳು. ಮೂರು ಸರಾಸರಿಗಳಿಗೆ ಅದೇ ನ್ಯಾಯದಿಂದ 2. ಒಟ್ಟು 14, ಇದು 15 ಅಂಗಡಿಗಳಿಗಿಂತ ಒಂದು ಕಡಮೆ. ಇಲ್ಲಿಯೂ ಲೆಕ್ಕ ತಾಳೆಯಾಯಿತು.

ಆದುದರಿಂದ ನಡುವಣ ಪ್ರಸರಣ 160 ÷ 2 = 80; ಒಳಗಣ ಪ್ರಸರಣ 48 ÷ 12 = 4. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 20. ಈ ಭಾಗಲಬ್ಧಕ್ಕೆ ‘ಎಫ್’ ಎಂದು ಹೆಸರು.

ಎರಡನೆಯ ಪಟ್ಟಿಯಲ್ಲಿ ಸರಾಸರಿಗಳು ಬದಲಾಗಿಲ್ಲವಾದ್ದರಿಂದ ನಡುವಣ ಪ್ರಸರಣ ಅದೇ 80. ಆದರೆ ಒಳಗಣ ಪಾಲು ಪ್ರದೇಶಕ್ಕೆ 160ರಂತೆ 480. ಇದನ್ನು 12ರಿಂದ ಭಾಗಿಸಿದರೆ 40. ಎಫ್‌ನ ಬೆಲೆ 80 ÷ 40 = 2 ಮಾತ್ರ.

ಎಫ್ ಹೇಳುವುದೇನು?

ಮೂರು ಪ್ರದೇಶಗಳಿಗೂ ನಿಜವಾಗಿ ಯಾವ ಭೇದವೂ ಇಲ್ಲವೆಂದು ಭಾವಿಸೋಣ. ಆಗಲೂ ಚೀಟಿಯ ಆಟದಿಂದ ಸರಾಸರಿಗಳು ಸ್ವಲ್ಪ ಹೆಚ್ಚುಕಡಮೆಯಾಗಿಯೇ ಬರುತ್ತವೆ. ಎಷ್ಟು ಹೆಚ್ಚುಕಡಮೆ? ಐದೈದು ಅಂಗಡಿಗಳ ಸರಾಸರಿಯ ಪ್ರಸರಣವು ಬಿಡಿ ಅಂಗಡಿಗಳ ಪ್ರಸರಣದ ಐದರಲ್ಲೊಂದು ಭಾಗದಷ್ಟಿರುತ್ತದೆ. ಆದುದರಿಂದ ಸರಾಸರಿಗಳ ಪ್ರಸರಣವನ್ನು 5ರಿಂದ ಗುಣಿಸಿದರೆ ಮತ್ತೆ ಬಿಡಿ ಅಂಗಡಿಗಳ ಪ್ರಸರಣವೇ ಬರಬೇಕು. ನಮ್ಮ ಲೆಕ್ಕದಲ್ಲಿ 48, 52, 56 ಎಂಬ ಮೂರು ಸರಾಸರಿಗಳ ಪ್ರಸರಣ 16. ಅದರ ಐದರಷ್ಟು 80. ಅಂದರೆ ಭೇದವಿಲ್ಲದಾಗ ನಡುವಣ ಪ್ರಸರಣವೂ ಒಳಗಣ ಪ್ರಸರಣವೂ ಒಂದೇ ವಸ್ತುವನ್ನು ಎರಡು ದಾರಿಯಿಂದ ಅಳೆದಂತೆ. ಎಫ್ ಸುಮಾರಾಗಿ 1ರ ಆಸುಪಾಸಿನಲ್ಲಿರಬೇಕು. ನಿಜವಾದ ಭೇದವಿದ್ದರೆ ಅದು ನಡುವಣ ಪ್ರಸರಣವನ್ನು ಮಾತ್ರ ಹೆಚ್ಚಿಸುವುದರಿಂದ ಎಫ್ ಮೇಲಕ್ಕೇರುತ್ತದೆ.

ಎಷ್ಟು ಮೇಲಕ್ಕೇರಿದರೆ ನಂಬಬಹುದು? ಇದಕ್ಕೆ ಸಿದ್ಧಪಡಿಸಿದ ಕೋಷ್ಟಕಗಳುಂಟು. 2 ಮತ್ತು 12 ಸ್ವಾತಂತ್ರ್ಯಗಳಿರುವಾಗ, ಭೇದವೇ ಇಲ್ಲದಿದ್ದರೂ ಕೇವಲ ಆಕಸ್ಮಿಕದಿಂದ ಎಫ್ 3.89ನ್ನು ಮೀರುವುದು ನೂರಕ್ಕೆ ಐದು ಸಲ, 6.93ನ್ನು ಮೀರುವುದು ನೂರಕ್ಕೆ ಒಂದು ಸಲ. ಮೊದಲನೆಯ ಪಟ್ಟಿಯ 20 ಈ ಎರಡು ಗಡಿಗಳನ್ನೂ ಬಹುದೂರ ದಾಟಿದೆ. ಭೇದ ನಿಜವೆಂದು ನಂಬಲು ಪ್ರಬಲವಾದ ಆಧಾರ ದೊರೆಯಿತು. ಎರಡನೆಯ ಪಟ್ಟಿಯ 2 ಯಾವ ಗಡಿಯನ್ನೂ ಮುಟ್ಟಿಲ್ಲ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕರಾವಳಿಯ ಏಜೆಂಟರನ್ನು ಕೆಲಸದಿಂದ ಬಿಡಿಸಿದರೆ, ಚೀಟಿ ಬಿದ್ದ ಬಗೆಗೆ ಮನುಷ್ಯನನ್ನು ದಂಡಿಸಿದಂತಾದೀತು.

ಎರಡೆರಡಾಗಿ ಏಕೆ ಹೋಲಿಸಬಾರದು?

ಎರಡು ಸರಾಸರಿಗಳನ್ನು ಹೋಲಿಸುವ ವಿಧಾನವೊಂದು ಇದಕ್ಕೆ ಮೊದಲೇ ಇತ್ತು. ಡಬ್ಲಿನ್ನಿನ ಗಿನ್ನಿಸ್ ಮದ್ಯ ತಯಾರಿಕೆಯ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ವಿಲಿಯಮ್ ಗಾಸೆಟ್ ಎಂಬುವರು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಲೇಖನ ಅದಕ್ಕೆ ಮೂಲ. ಅದನ್ನೇ ಬಳಸಿ ಪ್ರದೇಶಗಳನ್ನು ಎರಡೆರಡಾಗಿ ಹೋಲಿಸಬಹುದಲ್ಲ ಎಂದು ಕೆಲವರು ಕೇಳಬಹುದು.

ತೊಡಕು ಇಲ್ಲಿದೆ. ಒಂದೊಂದು ಹೋಲಿಕೆಯಲ್ಲಿಯೂ ನೂರಕ್ಕೆ ಐದರಷ್ಟು ಮೋಸಹೋಗುವ ಸಂಭವವಿರುತ್ತದೆ. ಕರ್ನಾಟಕದ ನಾಲ್ಕು ಕಂದಾಯ ವಿಭಾಗಗಳಾದ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಗಳನ್ನು ಹೋಲಿಸುವುದಾದರೆ ಆರು ಜೋಡಿಗಳಾಗುತ್ತವೆ. ಆರೂ ಹೋಲಿಕೆಗಳು ಒಂದರಿಂದೊಂದು ಸ್ವತಂತ್ರವೆಂದು ಭಾವಿಸಿದರೆ, ಎಲ್ಲಿಯೂ ಭೇದವಿಲ್ಲದಿದ್ದರೂ ಒಂದರಲ್ಲಾದರೂ ಸುಳ್ಳುಭೇದ ಕಾಣುವ ಸಂಭವ ನೂರಕ್ಕೆ 26ಕ್ಕಿಂತ ಹೆಚ್ಚು. ಒಂದೇ ವಿಭಾಗ ಹಲವು ಜೋಡಿಗಳಲ್ಲಿ ಬರುವುದರಿಂದ ನಿಖರವಾದ ಬೆಲೆ ಇದಕ್ಕಿಂತ ಸ್ವಲ್ಪ ಕಡಮೆ. ಆದರೂ ಅದು ಐದಕ್ಕಿಂತ ಬಹಳ ಹೆಚ್ಚೇ. ಪ್ರಸರಣ ವಿಶ್ಲೇಷಣೆಯಾದರೋ ಎಲ್ಲ ಪ್ರದೇಶಗಳನ್ನೂ ಒಟ್ಟಿಗೆ ಇಟ್ಟು ಒಂದೇ ಪ್ರಶ್ನೆ ಕೇಳುತ್ತದೆ. ಆದುದರಿಂದ ಮೋಸಹೋಗುವ ಸಂಭವ ನಾವು ಇಟ್ಟುಕೊಂಡ ಐದರಲ್ಲಿಯೇ ನಿಲ್ಲುತ್ತದೆ.

ಎಫ್ ದೊಡ್ಡದಾಗಿ ಬಂದ ಮೇಲೆ ಯಾವ ಪ್ರದೇಶ ಯಾವುದಕ್ಕಿಂತ ಬೇರೆಯೆಂದು ಹುಡುಕಲು ಅಮೆರಿಕದ ಜಾನ್ ಟೂಕಿಯವರು ರೂಪಿಸಿದ ವಿಧಾನವುಂಟು. ನಮ್ಮ ಮೊದಲನೆಯ ಪಟ್ಟಿಗೆ ಅದನ್ನು ಅನ್ವಯಿಸಿದರೆ, ಎರಡು ಸರಾಸರಿಗಳ ಅಂತರ ಸುಮಾರು 3.4 ಪೆಟ್ಟಿಗೆಗಳನ್ನು ಮೀರಿದಾಗ ಅದನ್ನು ನಂಬಬಹುದೆಂದು ತಿಳಿಯುತ್ತದೆ. ಅಂತರಗಳು 4, 4, 8 ಇರುವುದರಿಂದ ಮೂರು ಪ್ರದೇಶಗಳೂ ಒಂದಕ್ಕೊಂದು ಬೇರೆಯೆಂದೇ ತೀರ್ಮಾನ.

ಹೊಲದಲ್ಲಿ ಹುಟ್ಟಿದ ಶಾಸ್ತ್ರ

ವ್ಯಾಪಾರಕ್ಕೆ ಇಷ್ಟು ಒದಗುವ ಈ ಶಾಸ್ತ್ರ ಹುಟ್ಟಿದ್ದು ಪೇಟೆಯಲ್ಲಲ್ಲ, ಹೊಲದಲ್ಲಿ. ಇಂಗ್ಲೆಂಡಿನ ಹಾರ್ಪೆಂಡನ್ ಬಳಿಯ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೊಬ್ಬರ ಮತ್ತು ಬೆಳೆಗಳ ಪ್ರಯೋಗಗಳು ನಡೆದುಬಂದಿದ್ದವು. ಅಲ್ಲಿ ಗುಡ್ಡೆಬಿದ್ದಿದ್ದ ಅಂಕಿ ಅಂಶಗಳಿಂದ ಅರ್ಥ ಹೊರಡಿಸಲು 1919ರಲ್ಲಿ ರೊನಾಲ್ಡ್ ಫಿಷರ್ (1890–1962) ಎಂಬ ತರುಣ ಗಣಿತಜ್ಞರು ನೇಮಕಗೊಂಡರು. ‘ವೇರಿಯನ್ಸ್’ ಎಂಬ ಮಾತನ್ನು ಅವರು 1918ರಲ್ಲಿ ಅನುವಂಶಿಕತೆಯನ್ನು ಕುರಿತ ಲೇಖನವೊಂದರಲ್ಲಿ ಆಗಲೇ ಬಳಕೆಗೆ ತಂದಿದ್ದರು. ಎರಡು ಗೊಬ್ಬರಗಳ ಇಳುವರಿ ಬೇರೆಯಾಗಿ ಕಂಡರೆ ಅದು ಗೊಬ್ಬರದ ಗುಣವೋ ನೆಲದ ಗುಣವೋ? ಒಂದೇ ಹೊಲದ ಎರಡು ಮೂಲೆಗಳು ಒಂದೇ ಸಮನಾಗಿರುವುದಿಲ್ಲವೆಂಬುದು ಎಲ್ಲ ರೈತರಿಗೂ ತಿಳಿದ ವಿಷಯ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಫಿಷರ್ ಅವರು ಮೆಕೆಂಜಿಯವರೊಡನೆ 1923ರಲ್ಲಿ, ಆಲೂಗೆಡ್ಡೆಯ ಹಲವು ತಳಿಗಳು ಗೊಬ್ಬರಕ್ಕೆ ಹೇಗೆ ಸ್ಪಂದಿಸುತ್ತವೆಂಬ ಲೇಖನದಲ್ಲಿ ಪ್ರಸರಣ ವಿಶ್ಲೇಷಣೆಯನ್ನು ಬಳಸಿದರು. 1925ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ವಿಧಾನ ಲೋಕಕ್ಕೆಲ್ಲ ಹರಡಿತು. ‘ಎಫ್’ ಎಂಬ ಅಕ್ಷರವನ್ನು ಫಿಷರ್ ಅವರ ಗೌರವಾರ್ಥವಾಗಿ 1934ರಲ್ಲಿ ಇಟ್ಟವರು ಅಮೆರಿಕದ ಅಯೋವಾದ ಜಾರ್ಜ್ ಸ್ನೆಡೆಕರ್.

ಫಿಷರ್ ಅವರ ಲೇಖನಗಳಲ್ಲಿ ಸುಪ್ರಸಿದ್ಧವಾದ ಮತ್ತೊಂದು 1936ರದು. ಎಡ್ಗರ್ ಆಂಡರ್ಸನ್ ಎಂಬ ಸಸ್ಯಶಾಸ್ತ್ರಜ್ಞರು ಅಳೆದಿದ್ದ ಐರಿಸ್ ಜಾತಿಯ 150 ಹೂಗಳ ಅಳತೆಗಳು ಅದರಲ್ಲಿವೆ. ಮೂರು ಪ್ರಭೇದಗಳಿಂದ ಐವತ್ತೈವತ್ತು ಹೂಗಳು. ಎಸಳಿನ ಉದ್ದದ ಸರಾಸರಿಗಳು 1.46, 4.26, 5.55 ಸೆಂಟಿಮೀಟರ್. ಇವುಗಳಿಗೆ ಎಫ್ ಕಟ್ಟಿದರೆ ಸುಮಾರು 1180 ಬರುತ್ತದೆ! ಪ್ರಕೃತಿಯೇ ಗುಂಪುಗಳನ್ನು ಬೇರ್ಪಡಿಸಿಟ್ಟಾಗ ಎಫ್ ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಪೇಟೆಯ ಲೆಕ್ಕಗಳಲ್ಲಿ ಇಂತಹ ಭಾಗ್ಯ ದೊರೆಯುವುದು ವಿರಳ.

ಈ ಶಾಸ್ತ್ರಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟುಂಟು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1937–38ರ ಚಳಿಗಾಲದಲ್ಲಿ ಫಿಷರ್ ಅವರೇ ಭಾರತಕ್ಕೆ ಬಂದಿದ್ದರು. ಆ ಸಂಸ್ಥೆಯಲ್ಲಿ ಬೆಳೆದು, ಕೇಂಬ್ರಿಜ್ಜಿನಲ್ಲಿ ಫಿಷರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದ ಸಿ. ಆರ್. ರಾವ್ ಅವರು (1920–2023) ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಒಂದೇ ಅಳತೆಯ ಬದಲು ಹಲವು ಅಳತೆಗಳನ್ನು ಏಕಕಾಲದಲ್ಲಿ ಹೋಲಿಸುವ ವಿಶ್ಲೇಷಣೆಗೆ ಅವರ ಕೊಡುಗೆ ಹಿರಿದಾದುದು.

ತಕ್ಕಡಿ ಹಿಡಿಯುವವರಿಗೆ ಕೆಲವು ಎಚ್ಚರಿಕೆಗಳು

ತಕ್ಕಡಿ ಎಷ್ಟೇ ಒಳ್ಳೆಯದಾದರೂ ಹಿಡಿಯುವ ಕೈ ಸರಿಯಾಗಿರಬೇಕು. ಮೊದಲನೆಯದಾಗಿ, ಅಂಗಡಿಗಳನ್ನು ಚೀಟಿ ಎತ್ತಿಯೇ ಆರಿಸಬೇಕು. ಬಯಲುಸೀಮೆಯಿಂದ ಪೇಟೆಬೀದಿಯ ದೊಡ್ಡ ಅಂಗಡಿಗಳನ್ನೂ ಕರಾವಳಿಯಿಂದ ಸಣ್ಣ ಗೂಡಂಗಡಿಗಳನ್ನೂ ಆರಿಸಿ ತಂದರೆ ಯಾವ ಗಣಿತವೂ ಆ ಪಕ್ಷಪಾತವನ್ನು ತೊಳೆಯಲಾರದು. ಎರಡನೆಯದಾಗಿ, ಒಂದು ಅಂಗಡಿಯ ಮಾರಾಟ ಇನ್ನೊಂದನ್ನು ಅವಲಂಬಿಸಿರಬಾರದು. ಒಂದೇ ಬೀದಿಯ ಎದುರುಬದುರು ಅಂಗಡಿಗಳಲ್ಲಿ ಒಂದರ ಗಿರಾಕಿ ಇನ್ನೊಂದರ ನಷ್ಟವಾಗಿರುತ್ತದೆ. ಮೂರನೆಯದಾಗಿ, ಎಲ್ಲ ಪ್ರದೇಶಗಳ ಒಳಗಣ ಚೆದರಿಕೆಯೂ ಸುಮಾರಾಗಿ ಒಂದೇ ಸಮನಾಗಿರಬೇಕು. ಸಂಖ್ಯೆಗಳು ಸರಾಸರಿಯ ಎರಡು ಪಕ್ಕಗಳಲ್ಲಿಯೂ ಗಂಟೆಯಾಕಾರದಲ್ಲಿ ಹಂಚಿಕೊಂಡಿರಬೇಕು. ಮಾರಾಟದ ಲೆಕ್ಕಗಳಲ್ಲಿ ಒಂದೆರಡು ಭಾರಿ ಅಂಗಡಿಗಳು ಎಲ್ಲವನ್ನೂ ನುಂಗಿಹಾಕುವುದುಂಟು. ಅಂತಹ ವೇಳೆಯಲ್ಲಿ ಸಂಖ್ಯೆಗಳ ಬದಲು ಅವುಗಳ ಲಾಗರಿತಮ್‌ಗಳನ್ನು ತೆಗೆದುಕೊಂಡು ಲೆಕ್ಕ ಮಾಡುವುದು ರೂಢಿ.

ಇದಕ್ಕಿಂತ ಮುಖ್ಯವಾದ ಎರಡು ಮಾತುಗಳಿವೆ. ಎಫ್ ಚಿಕ್ಕದಾಗಿ ಬಂದರೆ ಭೇದವೇ ಇಲ್ಲವೆಂದು ಸಿದ್ಧವಾದಂತಲ್ಲ. ಭೇದವಿದೆಯೆಂದು ಹೇಳಲು ಸಾಕ್ಷ್ಯ ಸಾಲದು ಎಂದಷ್ಟೇ ಅರ್ಥ. ಎರಡನೆಯ ಪಟ್ಟಿಯ ಚೆದರಿಕೆಯೂ ಸರಾಸರಿಗಳೂ ಹಾಗೆಯೇ ಇದ್ದು, ಪ್ರದೇಶಕ್ಕೆ ಐದರ ಬದಲು ಇಪ್ಪತ್ತು ಅಂಗಡಿಗಳ ಲೆಕ್ಕ ತರಿಸಿದ್ದರೆ ನಡುವಣ ಪ್ರಸರಣ 20 × 16 = 320, ಎಫ್ 8 ಆಗುತ್ತಿತ್ತು. ಆಗ ನೂರಕ್ಕೆ ಐದರ ಗಡಿ ಸುಮಾರು 3.2 ಮಾತ್ರ, ತೀರ್ಪು ತಿರುವುಮುರುವಾಗುತ್ತಿತ್ತು. ಸಂದೇಹ ಉಳಿದಾಗ ಮಾಡಬೇಕಾದುದು ಹೆಚ್ಚು ಸಾಕ್ಷ್ಯ ತರಿಸುವುದು. ಅವಸರದ ತೀರ್ಪು ಕೊಡುವುದಲ್ಲ.

ಇನ್ನೊಂದು ಮಾತು: ಎಫ್ ದೊಡ್ಡದಾಗಿ ಬಂದಾಗಲೂ ಅದು ಭೇದವಿದೆಯೆಂದು ಹೇಳುತ್ತದೆಯೇ ಹೊರತು ಭೇದದ ಕಾರಣವನ್ನು ಹೇಳುವುದಿಲ್ಲ. ಮೊದಲನೆಯ ಪಟ್ಟಿಯಲ್ಲಿ ಕರಾವಳಿಯ ಮಾರಾಟ ನಿಜವಾಗಿಯೂ ಕಡಮೆ. ಆದರೆ ಅದಕ್ಕೆ ಏಜೆಂಟರೇ ಕಾರಣವೆಂದು ಯಾರು ಹೇಳಿದರು? ಲೆಕ್ಕ ತರಿಸಿದ ತಿಂಗಳು ಆಷಾಢವಾಗಿದ್ದು, ಕರಾವಳಿಯ ಮಳೆಯಲ್ಲಿ ಸರಕು ತಡವಾಗಿ ಮುಟ್ಟಿರಬಹುದು, ಬತ್ತಿ ಶೀತ ಹಿಡಿದಿರಬಹುದು, ಬಯಲುಸೀಮೆಯಲ್ಲಿ ಜಾತ್ರೆಯಿದ್ದಿರಬಹುದು. ಇವುಗಳನ್ನು ಬೇರ್ಪಡಿಸಬೇಕಾದರೆ ಹಲವು ತಿಂಗಳುಗಳ ಲೆಕ್ಕ ತರಿಸಿ, ಪ್ರದೇಶದ ಪಾಲು, ತಿಂಗಳಿನ ಪಾಲು, ಉಳಿದ ಚೆದರಿಕೆಯ ಪಾಲು ಎಂದು ಮೊತ್ತವನ್ನು ಮೂರಾಗಿ ಒಡೆಯಬಹುದು. ಹೊಲವನ್ನು ಪಟ್ಟೆಪಟ್ಟೆಯಾಗಿ ವಿಂಗಡಿಸಿ, ಒಂದೊಂದು ಪಟ್ಟೆಯಲ್ಲಿಯೂ ಎಲ್ಲ ಗೊಬ್ಬರಗಳನ್ನು ಹಾಕಿ, ನೆಲದ ಪಾಲನ್ನು ಗೊಬ್ಬರದ ಪಾಲಿನಿಂದ ಬೇರ್ಪಡಿಸುವ ಕೃಷಿಪ್ರಯೋಗದ ಯುಕ್ತಿಯೇ ಇದು.

ಇಂದು ಈ ಲೆಕ್ಕವನ್ನೆಲ್ಲ ಗಣಕಯಂತ್ರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡಿಕೊಡುತ್ತದೆ. ಆದರೆ ಯಾವ ಅಂಗಡಿಗಳನ್ನು ಆರಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರದಿಂದ ಎಷ್ಟು ದೂರ ಹೋಗಬಹುದು ಎಂಬುದನ್ನು ಯಂತ್ರ ಹೇಳಲಾರದು. ಅಳತೆಗಳಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ವ್ಯತ್ಯಾಸವಿಲ್ಲದ ಜಗತ್ತನ್ನು ಯಾರೂ ಕಂಡಿಲ್ಲ. ಯಾವ ವ್ಯತ್ಯಾಸಕ್ಕೆ ಅರ್ಥವಿದೆ, ಯಾವುದಕ್ಕೆ ಇಲ್ಲ ಎಂದು ವಿವೇಚಿಸುವುದೇ ವಿಜ್ಞಾನದ ಕೆಲಸ. ಇನ್ನು ಮುಂದೆ ಯಾರಾದರೂ ಎರಡು ಸರಾಸರಿಗಳನ್ನು ಮುಂದಿಟ್ಟು ಒಂದು ಊರನ್ನೋ ಒಂದು ಶಾಲೆಯನ್ನೋ ಒಬ್ಬ ಮನುಷ್ಯನನ್ನೋ ಮೇಲು ಕೀಳೆಂದು ತೀರ್ಮಾನಿಸಿದಾಗ, “ಒಳಗಣ ಚೆದರಿಕೆ ಎಷ್ಟು?” ಎಂಬ ಒಂದೇ ಪ್ರಶ್ನೆಯನ್ನು ವಾಚಕರು ಕೇಳುವಂತಾದರೆ ಈ ಲೇಖನದ ಉದ್ದೇಶ ಸಫಲವಾದಂತೆ.